ಅಡಿಕೆ ಎಲ್ಲಿ ಒಣಗಿಸುತ್ತೀರಿ?

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯಾ ಕಡೆಯ ತೋಟದ ಮನೆಗಳಿಗೆ ಸಣ್ಣ ಸೋಲಾರ್ ಹಾಕಿಕೊಡುವುದು ನನ್ನ ಕೆಲಸ. ಕರೆಂಟೇ ಕಾಣದ ಮನೆಗಳೇನಲ್ಲ. ಕೇರಳ 2017ರಲ್ಲೇ ಪೂರ್ಣ ವಿದ್ಯುದೀಕರಣ ಘೋಷಿಸಿದೆ. ಕಂಬ ಉಂಟು, ಮೀಟರ್ ಉಂಟು. ಆಟಿಯ (ಜುಲೈ-ಆಗಸ್ಟಿನ ಮಳೆ ತಿಂಗಳು) ಗಾಳಿಗೆ ಲೈನಿನ ಮೇಲೆ ಮರ ಮಗುಚಿದರೆ ಮಾತ್ರ ಕರೆಂಟು ಯಾವಾಗ ಬಂದೀತೋ ದೇವರಿಗೇ ಗೊತ್ತು.

ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು "ಎಷ್ಟು ವ್ಯಾಟಿನ ಪ್ಯಾನೆಲ್ ಬೇಕು?" ಎಂದು. ನಾನು ತಿರುಗಿ ಎರಡು ಪ್ರಶ್ನೆ ಹಾಕುತ್ತೇನೆ: ಆಟಿಯಲ್ಲಿ ರಾತ್ರಿ ಏನೇನು ಉರಿಯಬೇಕು? ಅಡಿಕೆ ಎಲ್ಲಿ ಒಣಗಿಸುತ್ತೀರಿ?

ಮೊದಲನೆಯದನ್ನು ಕಲಿಸಿದ್ದು ಒಂದು ಮನೆಯ ಅಜ್ಜಿ. ಮೂರು ಲೈಟು, ಒಂದು ಫ್ಯಾನು ಎಂದು ನಾನು ಪಟ್ಟಿ ಬರೆಯುತ್ತಿದ್ದಾಗ, "ಆಟಿಯಲ್ಲಿ ಫ್ಯಾನ್ ಯಾರಿಗೆ ಮಾರಾಯ, ಕಂಬಳಿ ಸಾಲುವುದಿಲ್ಲ" ಎಂದರು. ಲೆಕ್ಕವೇ ಬದಲಾಯಿತು. 3 ವ್ಯಾಟಿನ ಮೂರು ಎಲ್‌ಇಡಿ ಐದು ಗಂಟೆ ಉರಿದರೆ 45 ವ್ಯಾಟ್-ಅವರ್, ಮೊಬೈಲಿಗೆ ಇನ್ನೊಂದು 10. ಹನ್ನೆರಡು ವೋಲ್ಟಿನ 15 ವ್ಯಾಟ್ ಫ್ಯಾನು ಆರು ಗಂಟೆ ತಿರುಗಿದರೆ ಅದೊಂದೇ 90 ತಿನ್ನುತ್ತದೆ. ಆದರೆ ಫ್ಯಾನು ಬೇಕಾಗುವ ಏಪ್ರಿಲಿನಲ್ಲಿ ಬಿಸಿಲಿಗೆ ಬರವಿಲ್ಲ. ಹೀಗಾಗಿ ಮಳೆಗಾಲಕ್ಕೆ ಲೈಟು, ಮೊಬೈಲಿನ 55 ಮಾತ್ರ ಲೆಕ್ಕ ಹಿಡಿಯುತ್ತೇನೆ. 40 ವ್ಯಾಟಿನ ಪ್ಯಾನೆಲ್, 40 ಆಂಪಿಯರ್-ಅವರ್ ಟ್ಯೂಬುಲರ್ (ನೀರು ಹಾಕುತ್ತಿರಬೇಕಾದ ಸೀಸ-ಆಸಿಡ್) ಬ್ಯಾಟರಿ ಸಾಕು. 12 ವೋಲ್ಟಿಗೆ 40 ಎಂದರೆ ಬ್ಯಾಟರಿಯಲ್ಲಿ 480 ವ್ಯಾಟ್-ಅವರ್; ಅದರ ಅರ್ಧವನ್ನಷ್ಟೇ ಬಳಸಿದರೂ ಬಿಸಿಲಿನ ಮುಖ ಕಾಣದ ನಾಲ್ಕು ದಿನ ದಾಟಬಹುದು. ಫ್ಯಾನಿಗೆ ಬೇರೆ ಫ್ಯೂಸ್ ಕೊಟ್ಟು, ಮಳೆ ಹಿಡಿದ ಮೇಲೆ ಕಿತ್ತಿಡಿ ಎನ್ನುತ್ತೇನೆ. ಕೀಳುವವರು ಕಡಿಮೆ, ಅದು ಬೇರೆ ಮಾತು.

ಎರಡನೆಯ ಪ್ರಶ್ನೆ ನೆರಳಿನದ್ದು. ತೋಟದ ನಡುವಿನ ಹಂಚಿನ ಮಾಡಿನ ಮೇಲೆ ಅಡಿಕೆ ಸೋಗೆಯ ನೆರಳು ದಿನವಿಡೀ ಓಡಾಡುತ್ತದೆ. ಪ್ಯಾನೆಲಿನ 36 ಸೆಲ್‌ಗಳೂ ಒಂದರ ಹಿಂದೊಂದು ಜೋಡಿಸಿದವು. ಒಂದರ ಮೇಲೆ ನೆರಳು ಬಿದ್ದರೂ ಸಾಕು, ಇಡೀ ಸಾಲು ಮಂಕಾಗುತ್ತದೆ. ಅಡಿಕೆ ಹರಡುವ ಅಂಗಳ ಹಾಗಲ್ಲ. ಅಲ್ಲಿಗೆ ಬಿಸಿಲು ಬೀಳುವುದನ್ನು ಮನೆಯವರು ವರ್ಷಗಟ್ಟಲೆ ಪರೀಕ್ಷೆ ಮಾಡಿಯೇ ಇಟ್ಟಿರುತ್ತಾರೆ. ಅದರ ಅಂಚಿಗೆ ಒಂದು ಕಂಬ ನೆಟ್ಟು ಪ್ಯಾನೆಲ್ ಏರಿಸುತ್ತೇನೆ. ಉತ್ತರ ದಿಕ್ಕಿನ ಮರಗಳನ್ನೂ ನೋಡಿಕೊಳ್ಳಬೇಕು: ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮೂರಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ದಕ್ಷಿಣಕ್ಕೆ 12-15 ಡಿಗ್ರಿ ಓರೆ ಕೊಟ್ಟರೆ ಸಾಕು, ತರಗೆಲೆ, ಪಾಚಿ ಮಳೆನೀರಿನಲ್ಲೇ ಜಾರಿಹೋಗುತ್ತವೆ.

ಅಂಗಳದಿಂದ ಮನೆಗೆ ವಯರು ಉದ್ದವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಆಗುತ್ತದೆ. ಬ್ಯಾಟರಿ ಮನೆಯೊಳಗೇ ಇರಲಿ, ಉದ್ದದ ವಯರು ಪ್ಯಾನೆಲಿನ ಕಡೆಗೆ ಬರಲಿ. ಆ ಕಡೆ ವೋಲ್ಟೇಜ್ 18ರ ಹತ್ತಿರ ಇರುವುದರಿಂದ ಒಂದು ವೋಲ್ಟ್ ಸೋರಿದರೂ ನಡೆಯುತ್ತದೆ; 12 ವೋಲ್ಟಿನ ಬಲ್ಬಿನ ಕಡೆ ಅದೇ ಒಂದು ವೋಲ್ಟ್ ದೊಡ್ಡ ನಷ್ಟ. ಆದರೆ ಏಪ್ರಿಲಿನಲ್ಲಿ ಪ್ಯಾನೆಲ್ ಕಾದು ವೋಲ್ಟೇಜ್ ಇಳಿಯುತ್ತದೆ. ಅದಕ್ಕೇ ಇಪ್ಪತ್ತು ಮೀಟರಿಗೆ 1.5 ಚದರ ಮಿಲಿಮೀಟರಿನ ವಯರು ಬೇಡ, 4ರದ್ದು ಹಾಕಿ. ಪ್ಯಾನೆಲ್ ದೊಡ್ಡದು ಮಾಡುವ ದುಡ್ಡು ಇಲ್ಲಿಗೆ ಬರಲಿ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಯಾರು ಹಾಕುತ್ತಾರೆ ಎಂದರೆ ಮುಖ ಮುಖ ನೋಡಿಕೊಳ್ಳುವ ಮನೆಗೆ ಟ್ಯೂಬುಲರ್ ಬೇಡ. ಅಲ್ಲಿಗೆ 24 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಡುತ್ತೇನೆ. ಬೆಲೆ ಹೆಚ್ಚು, ಆದರೆ ಎಂಬತ್ತು ಶೇಕಡಾ ಬಳಸಬಹುದು. ಪ್ಯಾನೆಲಿನಿಂದ ಬ್ಯಾಟರಿ ಚಾರ್ಜಾಗುವುದನ್ನು ಹಿಡಿತದಲ್ಲಿಡುವ ಕಂಟ್ರೋಲರಿನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.