ಗಂಡಿಲ್ಲದ ತೊಟ್ಟಿ

ಡೆಂಗ್ಯೂ ಭಯಕ್ಕೆ ದಾವಣಗೆರೆಯ ನಮ್ಮ ಬೀದಿಯ ತೊಟ್ಟಿಗಳಿಗೆಲ್ಲ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಂದಿವೆ. ನಮ್ಮ ಪಾಲಿಗೆ ಸಿಕ್ಕಿದ್ದು ಒಂದೇ ಹೆಣ್ಣು. ಬಂದ ಕೆಲವೇ ದಿನಕ್ಕೆ ಮರಿ ಹಾಕಿತು. "ಬರುವಾಗಲೇ ಬಸುರಿ ಇತ್ತು ಬಿಡು" ಅಂದರು ಪಕ್ಕದ ಮನೆ ಅಜ್ಜಿ. ಆ ಮರಿಗಳನ್ನು ತಾಯಿಯೇ ತಿಂದು ಮುಗಿಸಿತು. ತಿಂಗಳು ಕಳೆದು, ಈ ಸೋಮವಾರ ನೋಡಿದರೆ ಮತ್ತೆ ಮರಿಗಳು! ಅಜ್ಜಿಯ ಲೆಕ್ಕ ಕೆಟ್ಟಿತು.

"ಗಂಡೇ ಇಲ್ವಲ್ಲ, ಹೆಂಗೆ?" ಅಂತ ಅಕ್ಕನ ಮಗಳು ಎದುರು ಮನೆ ಮೇಷ್ಟ್ರನ್ನು ಕೇಳಿದಳು. ವಿಜ್ಞಾನ ಪಾಠ ಮಾಡಿಯೇ ನಿವೃತ್ತರಾದವರು. "ಮೀನಿನ ಬಗ್ಗೆ ಬೇರೆ ಏನಾದ್ರೂ ಕೇಳು ಪುಟ್ಟಾ" ಅಂದುಬಿಟ್ಟರು.

ಬೇರೆ ಏನು ಕೇಳಬೇಕು? ವಾರವಿಡೀ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಒಳ್ಳೆಯ ಮನುಷ್ಯ, ಆದರೆ ಮರ್ಯಾದೆ ಜಾಸ್ತಿ. "ಎಮ್ಮೆ ಬೆದೆಗೆ ಬಂದಿದೆ, ಇಂಜೆಕ್ಷನ್ ಕೊಡಿಸಬೇಕು" ಅಂತ ಬೀದಿಯಲ್ಲೇ ಕೂಗಿ ಹೇಳುವ ಊರು ನಮ್ಮದು. ಮಗು ಕೇಳಿದರೆ ಮಾತ್ರ ನಾಚಿಕೆ.

ಕೊನೆಗೆ ನಾನೇ ಹೇಳಿದೆ, ಬಿಎಸ್ಸಿ ಓದಿದ್ದಕ್ಕೆ ಅಷ್ಟಾದರೂ ಬೇಡವಾ. ಸೂಳೆಕೆರೆಯ ರೋಹು, ಕಾಟ್ಲಾ ಮೊಟ್ಟೆ, ವೀರ್ಯ ಎರಡನ್ನೂ ನೀರಿಗೇ ಬಿಡುತ್ತವೆ. ಆ ವೀರ್ಯಾಣುವಿನ ತಲೆ ದುಂಡಗೆ, ಈಜುವ ಆಯಸ್ಸು ಒಂದೆರಡು ನಿಮಿಷ ಅಷ್ಟೇ. ಗಪ್ಪಿ ಗಂಡಿಗೆ ಹೊಟ್ಟೆ ಕೆಳಗಿನ ಗುದ ರೆಕ್ಕೆಯೇ ಉದ್ದವಾಗಿ ಗೊನೊಪೋಡಿಯಂ ಅನ್ನುವ ಕೊಳವೆಯಂಥ ಅಂಗವಾಗಿದೆ. ರೆಕ್ಕೆಯ 3, 4, 5ನೇ ಕಡ್ಡಿಗಳು ಸೇರಿ ಆಗಿದ್ದು. ಅದರ ಮೂಲಕ ವೀರ್ಯಾಣು ಉಂಡೆ ಉಂಡೆಯಾಗಿ ಹೆಣ್ಣಿನೊಳಗೆ ಹೋಗುತ್ತೆ, ತಲೆಗಳೆಲ್ಲ ಹೊರಕ್ಕೆ, ಬಾಲಗಳೆಲ್ಲ ಒಳಕ್ಕೆ. ಒಳಗೆ ಹೋದ ಮೇಲೆ ಉಂಡೆ ಬಿಚ್ಚಿಕೊಳ್ಳುತ್ತೆ. ಈ ವೀರ್ಯಾಣುಗಳ ತಲೆ ಉದ್ದ. ಅದರ ಹಿಂದಿನ ಭಾಗವೂ ಉದ್ದ, ಶಕ್ತಿ ಕೊಡುವ ಮೈಟೋಕಾಂಡ್ರಿಯಾ ತುಂಬಿಕೊಂಡಿರುತ್ತೆ. ಅಂಡಾಶಯದ ಮಡಿಕೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಗಂಡು ಸತ್ತು ಹೋಗಿದ್ದರೂ ಅದರ ಮರಿಗಳು ಹುಟ್ಟುತ್ತಲೇ ಇರುತ್ತವೆ.

"ಅಯ್ಯೋ, ಜಾಣೆ ಇದು!" ಅಂತ ಅಜ್ಜಿ ಬಾಯಿ ತುಂಬ ನಕ್ಕರು. ಹುಡುಗಿ ಇನ್ನೂ ಏನೇನೋ ಕೇಳಿದಳು. ಮೇಷ್ಟ್ರು ಪೇಪರ್ ಓದುವವರ ಹಾಗೆ ಕೂತಿದ್ದರು, ಪುಟ ಮಾತ್ರ ತಿರುಗಲಿಲ್ಲ.

ನಿನ್ನೆ ಸಂಜೆ ಅವರು ಸ್ಟೀಲ್ ಡಬ್ಬಿ ಹಿಡಿದು ಬಂದರು. ಅವರ ತೊಟ್ಟಿಯ ಮೀನು ಸತ್ತಿದೆಯಂತೆ, ಮರಿಗಳು ದೊಡ್ಡವಾದ ಮೇಲೆ ಬೇಕಂತೆ. ಅಕ್ಕನ ಮಗಳು ಒಳಗೆ ಹೋಗುವವರೆಗೂ ಕಾದು, ಮೆಲ್ಲಗೆ ಕೇಳಿದರು: "ಹೆಣ್ಣು ಒಂದೇ ಕೊಟ್ಟರೂ ಸಾಕಲ್ವಾ?"

ಇನ್ನೂ ಗಂಡಿನ ಜೊತೆ ಕೂಡದ ಮರಿಯಾದರೆ ಗಂಡೂ ಬೇಕು ಸಾರ್, ಅಂದೆ.