ಗೆದ್ದರೆ ಎಷ್ಟು ಸಿಗುತ್ತೆ?

ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿಗೆ ಮುಗಿಸುವ ಟ್ರಯಥ್ಲಾನನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದ ಮಕ್ಕಳ ಅಪ್ಪ-ಅಮ್ಮ, ಶನಿವಾರ ಬೆಳಿಗ್ಗೆ ನಂದಿ ಬೆಟ್ಟ ಹತ್ತಿಳಿದು ಇಡ್ಲಿ ಮುಂದೆ ಕೂತ ಸಾಫ್ಟ್‌ವೇರ್ ಮಂದಿ, ಸಾಲದ ಅರ್ಜಿ ನೋಡುವ ಬ್ಯಾಂಕ್ ಮ್ಯಾನೇಜರ್, ಎಲ್ಲರೂ ಕೇಳುವುದು ಇದನ್ನೇ: "ಗೆದ್ದರೆ ಎಷ್ಟು ಸಿಗುತ್ತೆ?"

ನೇರ ಉತ್ತರ ಮೊದಲು ಹೇಳಿಬಿಡೋಣ. ಹವಾಯಿಯ ಕೋನಾದಲ್ಲಿ ನಡೆಯುವ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್ ಎಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ 42.2 ಕಿ.ಮೀ. ಓಟ. 2024ರಲ್ಲಿ ಜರ್ಮನಿಯ ಪ್ಯಾಟ್ರಿಕ್ ಲಾಂಗೆ ಇದನ್ನು 7 ಗಂಟೆ 35 ನಿಮಿಷ 53 ಸೆಕೆಂಡಿನಲ್ಲಿ ಮುಗಿಸಿ ಗೆದ್ದರು; ಬಹುಮಾನ 1,25,000 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಒಂದು ಕೋಟಿ ಆರು ಲಕ್ಷ. ಕೇಳಿದವರ ಕಣ್ಣು ಇಲ್ಲಿಗೇ ಅರಳುತ್ತದೆ. ಎರಡನೆಯವರಿಗೆ 65,000, ಮೂರನೆಯವರಿಗೆ 45,000. ಹದಿನೈದನೆಯ ಸ್ಥಾನ ದಾಟಿದರೆ ಸೊನ್ನೆ. ಇದು ಜಗತ್ತಿನ ಅತಿ ದೊಡ್ಡ ರೇಸು, ವರ್ಷಕ್ಕೊಮ್ಮೆ.

ವರ್ಷದ ಉಳಿದ ದಿನಗಳ ಕಥೆ ಬೇರೆ. ಸಾಧಾರಣ 70.3 ರೇಸೊಂದರಲ್ಲಿ, ಅಂದರೆ ಮೇಲೆ ಹೇಳಿದ್ದರ ಅರ್ಧ ದೂರದ್ದರಲ್ಲಿ, ಒಟ್ಟು ಬಹುಮಾನ 50,000 ಡಾಲರ್ ಇದ್ದರೆ ಗಂಡಸರಿಗೆ ಅರ್ಧ, ಹೆಂಗಸರಿಗೆ ಅರ್ಧ. ಗೆದ್ದವರಿಗೆ ಸುಮಾರು 7,500. ಐದನೆಯವರಿಗೆ ಸುಮಾರು 2,000. ಈಚೆಗೆ ದೊಡ್ಡ ಮೊತ್ತಗಳೂ ಬಂದಿವೆ. 2024ರಲ್ಲಿ ಶುರುವಾದ ಐರನ್‌ಮ್ಯಾನ್ ಪ್ರೊ ಸೀರೀಸ್ ವರ್ಷದ ಕೊನೆಗೆ 17 ಲಕ್ಷ ಡಾಲರ್ ಬೋನಸ್ ಹಂಚುತ್ತದೆ. ಎರಡೂ ವಿಭಾಗಗಳ ಮೊದಲಿಗರಿಗೆ ತಲಾ 2 ಲಕ್ಷ. ಬೋನಸ್ ಹಂಚುವುದು ರೇಸುಗಳಲ್ಲಿ ಗಳಿಸಿದ ಅಂಕದ ಮೇಲೆ, ಆ ಲೆಕ್ಕ ನಿಷ್ಠುರ. 70.3 ಗೆದ್ದರೆ 2,500 ಅಂಕ. ಗೆದ್ದವರಿಗಿಂತ ಹಿಂದೆ ಬಿದ್ದ ಒಂದೊಂದು ಸೆಕೆಂಡಿಗೂ ಒಂದೊಂದು ಅಂಕ ಕಡಿತ. ಹತ್ತು ನಿಮಿಷ ತಡವಾದರೆ 600 ಅಂಕ ಹೋಯಿತು. ಅದೇ ವರ್ಷ ಶುರುವಾದ ಟಿ100 ಸರಣಿಯಲ್ಲಿ ದೂರ 100 ಕಿ.ಮೀ., ಒಂದು ರೇಸ್ ಗೆದ್ದರೆ 25,000 ಡಾಲರ್. ಆದರೆ ಅಲ್ಲಿ ಎಲ್ಲರಿಗೂ ಪ್ರವೇಶವಿಲ್ಲ. ರ‍್ಯಾಂಕಿಂಗ್‌ನ ಮೇಲ್ತುದಿಯ ಕೆಲವೇ ಮಂದಿಗೆ ಜಾಗ.

ಇಷ್ಟು ಕಷ್ಟದ ಆಟಕ್ಕೆ ಇಷ್ಟು ಕಡಿಮೆ ಹಣ ಯಾಕೆ? ಕ್ರಿಕೆಟ್‌ನಲ್ಲಿ ದುಡ್ಡು ತರುವವರು ನೋಡುವವರು. ಇಲ್ಲಿ ದುಡ್ಡು ತರುವವರು ಓಡುವವರೇ, ಅದೂ ಹವ್ಯಾಸಿಗಳು. ಎರಡು ಸಾವಿರ ಹವ್ಯಾಸಿಗಳು ತಲಾ 400 ಡಾಲರ್ ಪ್ರವೇಶ ಶುಲ್ಕ ಕಟ್ಟಿದರು ಎಂದಿಟ್ಟುಕೊಳ್ಳಿ. ಸಂಘಟಕರ ಕೈಗೆ 8 ಲಕ್ಷ ಡಾಲರ್ ಬಂತು. ಅದರಲ್ಲಿ ವೃತ್ತಿಪರರಿಗೆ 50,000, ಹದಿನಾರರಲ್ಲಿ ಒಂದು ಪಾಲು. ವೃತ್ತಿಪರರು ಒಬ್ಬರೂ ಬಾರದಿದ್ದರೂ ಆ ರೇಸು ನಡೆಯುತ್ತದೆ. 2020ರಲ್ಲಿ ಐರನ್‌ಮ್ಯಾನ್ ಕಂಪನಿ 73 ಕೋಟಿ ಡಾಲರಿಗೆ ಕೈ ಬದಲಾದಾಗ ಆ ಬೆಲೆ ಬಂದದ್ದು ಈ ಹವ್ಯಾಸಿಗಳ ಜೇಬಿನ ಮೇಲೆ. ನಮ್ಮ ಗೋವಾದಲ್ಲಿ 2019ರಿಂದ 70.3 ನಡೆಯುತ್ತಿದೆಯಲ್ಲ, ಅದೂ ಹವ್ಯಾಸಿಗಳ ರೇಸೇ. ಅಲ್ಲಿ ಮೊದಲು ಬಂದರೆ ಪದಕ, ಫೋಟೊ, ಮುಂದಿನ ವಿಶ್ವ ಚಾಂಪಿಯನ್‌ಶಿಪ್‌ಗೆ ಅರ್ಹತೆ. ಆ ಅರ್ಹತೆಯ ಶುಲ್ಕವನ್ನೂ ನಾವೇ ಕಟ್ಟಬೇಕು.

ಹಾಗಾಗಿ ಬಹುಮಾನದ ಹಣ ಬೇಕೆಂದರೆ ವಿಮಾನ ಹತ್ತಬೇಕು. ಬೆಂಗಳೂರಿನಿಂದ ಯುರೋಪಿನ ಒಂದು 70.3ಕ್ಕೆ ಹೋಗಿಬರುವ ಖರ್ಚು ಅಂದಾಜು ಹೀಗೆ ಬೀಳುತ್ತದೆ. ಟಿಕೆಟ್ 70,000. ಸೈಕಲ್ ಪೆಟ್ಟಿಗೆಗೆ ಹೋಗುವಾಗ ಬರುವಾಗ ಸೇರಿ 18,000. ಷೆಂಗೆನ್ ವೀಸಾ 90 ಯೂರೊ, ಅರ್ಜಿ ಕೇಂದ್ರದ ಶುಲ್ಕವೂ ಸೇರಿ ಹತ್ತಿರ ಹತ್ತಿರ 11,000. ವಿಮೆ 2,000. ಆರು ರಾತ್ರಿಯ ವಸತಿ 48,000. ಊಟ, ದಿನಸಿ 15,000. ವ್ಯಾನ್ ಬಾಡಿಗೆ 12,000, ಯಾಕೆಂದರೆ ಸೈಕಲ್ ಪೆಟ್ಟಿಗೆ ಸಾಮಾನ್ಯ ಟ್ಯಾಕ್ಸಿಯ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ. ಮೊದಲ ಸಲ ಹೋಗುವವರೆಲ್ಲ ಮರೆಯುವ ಖರ್ಚು ಇದೊಂದೇ. ಟ್ಯೂಬು, ಟೇಪು ಅಂತ ಚಿಲ್ಲರೆ 4,000. ಒಟ್ಟು 1,80,000. ಐದನೆಯ ಸ್ಥಾನದ 2,000 ಡಾಲರ್ ಅಂದರೆ 1,70,000 ರೂಪಾಯಿ. ಜಗತ್ತಿನ ನಾನಾ ಕಡೆಯಿಂದ ಬಂದ ವೃತ್ತಿಪರರ ನಡುವೆ ಐದನೆಯವರಾಗಿ ಬಂದು, ಹತ್ತು ಸಾವಿರ ಕೈಯಿಂದ ಕಳೆದುಕೊಂಡು ಮನೆಗೆ ಬಂದ ಹಾಗೆ.

ಅಮೆರಿಕದ ರೇಸಾದರೆ ಇನ್ನೊಂದು ಪೆಟ್ಟು. ವಿದೇಶಿಯರ ಬಹುಮಾನದಲ್ಲಿ ಶೇ. 30ರಷ್ಟು ತೆರಿಗೆ ಮೊದಲೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಖರ್ಚು ತೋರಿಸಿ ಅದರಲ್ಲಿ ಒಂದಿಷ್ಟು ವಾಪಸ್ ಪಡೆಯಬಹುದು, ಆದರೆ ಅಲ್ಲಿ ರಿಟರ್ನ್ ಸಲ್ಲಿಸಬೇಕು, ಅದಕ್ಕೆ ಐಟಿಐಎನ್ ಎಂಬ ಅಲ್ಲಿಯ ತೆರಿಗೆ ಸಂಖ್ಯೆ ಮಾಡಿಸಬೇಕು, ಲೆಕ್ಕಿಗರಿಗೆ ಶುಲ್ಕ ತೆರಬೇಕು. ಬಹುಮಾನ ಸಣ್ಣದಾದರೆ ಅಸಲೂ ಗಿಟ್ಟುವುದಿಲ್ಲ. ಹಾಗೆಂದು ಬಿಟ್ಟುಬಿಡಬಾರದು. ಸಂಘಟಕರು ಮರುವರ್ಷ ಮಾರ್ಚ್ ಹೊತ್ತಿಗೆ ಕಳಿಸುವ, ಹಿಡಿದ ತೆರಿಗೆಯ ವಿವರವಿರುವ 1042-ಎಸ್ ಪತ್ರವನ್ನು ಜೋಪಾನ ಮಾಡಿದರೆ, ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿಯ ತೆರಿಗೆಯಲ್ಲಿ ವಜಾ ಮಾಡಿಸಿಕೊಳ್ಳಲು ದಾರಿಯಿದೆ. ವೀಸಾ ವಿಷಯದಲ್ಲೂ ಒಂದು ಸೂಕ್ಷ್ಮ: ಬಿ-1 ಎಂಬ ವ್ಯವಹಾರದ ವೀಸಾದಲ್ಲಿ ಬಹುಮಾನಕ್ಕಾಗಿ ಸ್ಪರ್ಧಿಸಬಹುದು, ಅಲ್ಲಿಯವರಿಂದ ಸಂಬಳ ಪಡೆಯುವಂತಿಲ್ಲ. ಇನ್ನು ಬಹುಮಾನ ಯಾವಾಗ ಕೈಗೆ ಬರುತ್ತದೆ? ಉದ್ದೀಪನ ಮದ್ದಿನ ಪರೀಕ್ಷೆಯ ಫಲಿತಾಂಶ ಬಂದ ಮೇಲೆ, ವಾರಗಳೋ ತಿಂಗಳುಗಳೋ ಕಳೆದು. ಕ್ರೆಡಿಟ್ ಕಾರ್ಡಿನ ಕೊನೆಯ ದಿನಾಂಕ ಅಷ್ಟು ದಿನ ಕಾಯುವುದಿಲ್ಲ.

ಇಷ್ಟು ಖರ್ಚಿನ ಪ್ರಯಾಣ ಹಾಳಾಗುವುದು ಹೆಚ್ಚಾಗಿ ಎರಡು ಮೂರು ಸಾವಿರದ ಒಂದು ತುಂಡಿನಿಂದ. ಹಿಂದಿನ ಗೇರ್ ಬದಲಿಸುವ ಡಿರೇಲರ್ ಫ್ರೇಮಿಗೆ ಕೂರುವುದು ಹ್ಯಾಂಗರ್ ಎಂಬ ಸಣ್ಣ ಅಲ್ಯೂಮಿನಿಯಂ ತುಂಡಿನ ಮೇಲೆ. ಪೆಟ್ಟು ಬಿದ್ದರೆ ಫ್ರೇಮ್ ಉಳಿದು ಇದು ಬಾಗಲಿ ಎಂದೇ ಮೆತ್ತಗೆ ಮಾಡಿರುತ್ತಾರೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಮ್ಮೆ ಮಗುಚಿದರೆ ಸಾಕು. ಹ್ಯಾಂಗರ್ ಎರಡು ಮಿಲಿಮೀಟರ್ ಬಾಗಿದರೂ ಗೇರ್ ತಾನಾಗಿ ಹಾರುತ್ತದೆ, ದೊಡ್ಡ ಗೇರಿಗೆ ಹಾಕಿದಾಗ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಳ್ಳಬಹುದು. ಹೊಸ ಫ್ರೇಮುಗಳಿಗೆ ಯುಡಿಎಚ್ ಎಂಬ ಒಂದೇ ಅಳತೆಯದು ಬರುತ್ತಿದೆ; ಹಳೆಯವಕ್ಕೆ ಒಂದೊಂದು ಮಾದರಿಗೂ ಒಂದೊಂದು ಆಕಾರ, ಭಾನುವಾರ ರೇಸ್ ಇರುವ ಊರಿನಲ್ಲಿ ಶನಿವಾರ ಸಂಜೆ ಅದು ಸಿಗುವುದಿಲ್ಲ. ಆದ್ದರಿಂದ ಡಿರೇಲರನ್ನು ಬಿಚ್ಚಿ, ಬಟ್ಟೆ ಸುತ್ತಿ, ಫ್ರೇಮಿನ ಹಿಂಭಾಗದ ತ್ರಿಕೋನದ ಒಳಗೆ ಕಟ್ಟಬೇಕು. ಒಂದು ಹ್ಯಾಂಗರ್ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಕೂಡಲೇ ಬ್ರೇಕ್ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು, ಅದಿಲ್ಲದಿದ್ದರೆ ಮಡಿಸಿದ ರಟ್ಟು, ತುರುಕಬೇಕು. ಯಾರಾದರೂ ಬ್ರೇಕ್ ಹಿಡಿ ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು ಚಕ್ರ ಒಳಗೇ ಹೋಗುವುದಿಲ್ಲ. ಕಳಚಲು ಬರುವ ಗೇರ್ ಬ್ಯಾಟರಿಗಳು ಕೈಚೀಲಕ್ಕೆ.

ಈಗ ಪ್ರಾಯೋಜಕರ ವಿಷಯ. "ಒಂದು ಕಂಪನಿ ಸೈಕಲ್ಲೇ ಕೊಟ್ಟಿದೆಯಂತೆ" ಎಂದು ಊರೆಲ್ಲ ಮಾತಾಡುತ್ತದೆ. ಬರೀ ಸಾಮಾನು ಕೊಡುವ ಒಪ್ಪಂದ ಉಪ್ಪಿನಕಾಯಿ ಇದ್ದ ಹಾಗೆ, ಅನ್ನ ಬೇರೆ ಕಡೆ ಹುಡುಕಬೇಕು. ಸಾಲದ್ದಕ್ಕೆ 2022ರ ಜುಲೈ 1ರಿಂದ ಆದಾಯ ತೆರಿಗೆಯಲ್ಲಿ 194ಆರ್ ಎಂಬ ನಿಯಮ ಬಂತು: ವ್ಯವಹಾರದ ಸಂಬಂಧವಾಗಿ ವರ್ಷಕ್ಕೆ 20,000 ರೂಪಾಯಿ ಮೀರಿದ ವಸ್ತು ಅಥವಾ ಸೌಲಭ್ಯ ಕೊಟ್ಟರೆ ಕೊಡುವವರು ಶೇ. 10 ಟಿಡಿಎಸ್ ಕಟ್ಟಿಸಲೇಬೇಕು. ಎಂಟು ಲಕ್ಷದ ಸೈಕಲ್ ನಿಮ್ಮದಾಗುತ್ತದೆ ಎಂದಾದರೆ 80,000 ನಗದು ನಿಮ್ಮಿಂದ ಹೊರಡಬಹುದು, ಮೇಲಾಗಿ ಆ ಎಂಟು ಲಕ್ಷ ನಿಮ್ಮ ಆದಾಯಕ್ಕೆ ಸೇರುತ್ತದೆ. ಕೈಗೆ ಬಂದ ಕಾಸು ಸೊನ್ನೆ. ಬಳಸಿ ಹಿಂದಿರುಗಿಸುವ ಷರತ್ತಿನ ಮೇಲೆ ಪಡೆದರೆ ಈ ತಾಪತ್ರಯ ತಪ್ಪುತ್ತದೆ. ಒಪ್ಪಂದದಲ್ಲಿ ಅದನ್ನು ಬರೆಸಿಕೊಳ್ಳಬೇಕು, ಬಾಯಿಮಾತು ಸಾಲದು. ನಗದು ಇದ್ದರೆ ಎಷ್ಟೆಂಬುದಕ್ಕಿಂತ ಯಾವಾಗ ಎಂದು ಮೊದಲು ಕೇಳಿ: ಮೂರು ತಿಂಗಳಿಗೊಮ್ಮೆಯೋ, ವರ್ಷದ ಕೊನೆಗೋ? "ಕನಿಷ್ಠ ಇಷ್ಟು ರೇಸ್" ಎಂಬ ಸಾಲು ಇದ್ದರೆ ಗಾಯವಾದಾಗ ಏನು ಎಂಬ ಸಾಲೂ ಅದರ ಪಕ್ಕದಲ್ಲೇ ಇರಬೇಕು. ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟರೆ ಎಂಟರಿಂದ ಹನ್ನೆರಡು ವಾರ ಓಟ ಬಂದ್, ಅಷ್ಟರಲ್ಲಿ ಅರ್ಧ ಋತು ಮುಗಿದಿರುತ್ತದೆ. ಹೆಂಗಸರಾದರೆ ಬಸಿರು ಬಾಣಂತನದ ಸಾಲು ಬೇರೆಯೇ ಬೇಕು. ಅದನ್ನೂ ಗಾಯದ ಲೆಕ್ಕಕ್ಕೆ ಹಾಕಿ ಹಣ ಕಡಿತ ಮಾಡುವ ಒಪ್ಪಂದಕ್ಕೆ ಸಹಿ ಹಾಕಬಾರದು. ಮಗಳು ಹುಟ್ಟಿ ಒಂದೂವರೆ ವರ್ಷಕ್ಕೆ ಅಮೆರಿಕದ ಚೆಲ್ಸಿ ಸೊಡಾರೊ 2022ರ ಕೋನಾ ಗೆದ್ದರು.

ಇಷ್ಟೆಲ್ಲ ಇದ್ದೂ ಜನ ಹೇಗೆ ಬದುಕುತ್ತಾರೆ? ಗೆಲ್ಲದ ತಿಂಗಳಲ್ಲಿ ಬಾಡಿಗೆ ಕಟ್ಟುವವರು ಯಾರು ಎಂದು ನೋಡಿದರೆ ಉತ್ತರ ಸಿಗುತ್ತದೆ. ಜರ್ಮನಿಯಲ್ಲಿ ಸೇನೆಯ ಕ್ರೀಡಾ ವಿಭಾಗ ಸಂಬಳ ಕೊಡುತ್ತದೆ. ಇಟಲಿಯಲ್ಲಿ ಪೊಲೀಸ್ ಪಡೆಯ ಕ್ಲಬ್ಬುಗಳು ಕೊಡುತ್ತವೆ. ಫ್ರಾನ್ಸಿನ ಗ್ರಾಂ ಪ್ರಿ ಲೀಗಿನಲ್ಲಿ ಊರೂರಿನ ಕ್ಲಬ್ಬುಗಳು ವಿದೇಶಿಯರನ್ನೂ ರೇಸಿನ ಲೆಕ್ಕದಲ್ಲಿ ಕರೆಸಿ ಹಣ ಕೊಡುತ್ತವೆ. ನಮ್ಮಲ್ಲೂ ಹಾಗೇ: 2019ರಲ್ಲಿ ಗೋವಾದ ಮೊದಲ ರೇಸ್ ಗೆದ್ದ ಬಿಶ್ವರ್ಜಿತ್ ಸೈಖೋಮ್ ಸೇನೆಯ ಕ್ರೀಡಾಪಟು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಪರ ಸ್ಪರ್ಧಿಸಿದ ಪ್ರಜ್ಞಾ ಮೋಹನ್ ಓದಿದ್ದು ಸಿ.ಎ. ಈ ಆಟಕ್ಕೆ ಅದಕ್ಕಿಂತ ಉಪಯೋಗದ ಡಿಗ್ರಿ ಇನ್ನೊಂದು ಇರಲಿಕ್ಕಿಲ್ಲ.

ಸೇನೆಯೂ ಇಲ್ಲ, ಕ್ಲಬ್ಬೂ ಇಲ್ಲ ಎನ್ನುವವರಿಗೆ ಉಳಿದದ್ದು ತರಬೇತಿ ಕೊಡುವುದು. ತಿಂಗಳಿಗೆ 8,000ದಂತೆ ಹದಿನೈದು ಮಂದಿ ಹವ್ಯಾಸಿಗಳು ಸಿಕ್ಕರೆ 1,20,000. ಒಬ್ಬೊಬ್ಬರಿಗೆ ವಾರಕ್ಕೆ ನಲವತ್ತು ನಿಮಿಷ ಎಂದರೂ ಹತ್ತು ಗಂಟೆ, ತನ್ನ ಇಪ್ಪತ್ತೈದು ಗಂಟೆಯ ಅಭ್ಯಾಸದ ಮೇಲೆ. ಬಲಿಯಾಗುವುದು ಮಧ್ಯಾಹ್ನದ ನಿದ್ದೆ, ಆ ನಿದ್ದೆಯೂ ಅಭ್ಯಾಸದ ಭಾಗವೇ. ಇನ್ನೊಂದು ತೊಡಕು: ಗೋವಾ ರೇಸು ಅಕ್ಟೋಬರ್-ನವೆಂಬರ್‌ನಲ್ಲಿ ಮುಗಿಯುತ್ತಿದ್ದಂತೆ ಈ ಶಿಷ್ಯರೆಲ್ಲ ಮಾಯ. ಮತ್ತೆ ಕಾಣಿಸುವುದು ಫೆಬ್ರವರಿ ಹೊತ್ತಿಗೆ. ವರ್ಷಕ್ಕೆ ಒಂಬತ್ತು ತಿಂಗಳ ಆದಾಯ ಎಂದೇ ಲೆಕ್ಕ ಹಾಕಬೇಕು.

ಉಳಿಸಬಹುದಾದ ಜಾಗ ಒಂದಿದೆ, ಅಡುಗೆಮನೆ. ದೀರ್ಘ ಸೈಕಲ್ ಅಭ್ಯಾಸದಲ್ಲಿ ಗಂಟೆಗೆ 90 ಗ್ರಾಂ ಸಕ್ಕರೆ ಅಂಶ ಬೇಕು ಎನ್ನುವುದು ಈಗ ರೂಢಿ. 25 ಗ್ರಾಂ ಸಕ್ಕರೆ ಅಂಶವಿರುವ, ಪೊಟ್ಟಣದಿಂದ ಹಿಂಡಿ ನುಂಗುವ ಜೆಲ್ ಒಂದಕ್ಕೆ ನೂರು ರೂಪಾಯಿ ಮೇಲೆ, ಅಂದರೆ ಗಂಟೆಗೆ 400. ವಾರಕ್ಕೆ ಹನ್ನೆರಡು ಗಂಟೆ ಹೀಗೆ ನಡೆದರೆ ತಿಂಗಳಿಗೆ 19,000 ದಾಟುತ್ತದೆ. 750 ಮಿ.ಲೀ. ಬಾಟಲಿಗೆ 90 ಗ್ರಾಂ ಮನೆಯ ಸಕ್ಕರೆ, ಕಾಲು ಚಮಚ ಉಪ್ಪು, ನಿಂಬೆರಸ ಹಾಕಿದರೆ ನಾಲ್ಕು ರೂಪಾಯಿ ಸಕ್ಕರೆಯಲ್ಲಿ ಅದೇ ಕೆಲಸ ಆಗುತ್ತದೆ. ಸಕ್ಕರೆಯಲ್ಲಿ ಗ್ಲೂಕೋಸ್ ಅರ್ಧ, ಫ್ರಕ್ಟೋಸ್ ಅರ್ಧ ಇರುವುದರಿಂದ ಕರುಳಿನಿಂದ ಎರಡು ಬೇರೆ ಬೇರೆ ದಾರಿಯಲ್ಲಿ ರಕ್ತಕ್ಕೆ ಸೇರುತ್ತದೆ. ಒಂದೇ ಸಲಕ್ಕೆ 90ಕ್ಕೆ ಹೋದರೆ ಹೊಟ್ಟೆ ಕೆಡುತ್ತದೆ, ವಾರಕ್ಕೆ ಹತ್ತು ಗ್ರಾಮಿನಂತೆ ಏರಿಸಬೇಕು. ಬಾಟಲಿಯನ್ನು ಅಂದೇ ತೊಳೆಯದಿದ್ದರೆ ಮೂತಿಯೊಳಗೆ ಕಪ್ಪು ಬೂಷ್ಟು ಕೂರುತ್ತದೆ. ರೇಸಿನ ದಿನ ಮಾತ್ರ ಜೆಲ್.

ಕೆಲಸ ಬಿಡುವುದೋ ಬೇಡವೋ ಎಂದು ಕೇಳುವವರು ಹಾಕಬೇಕಾದ ಲೆಕ್ಕ ಇಷ್ಟು. ಬೆಂಗಳೂರಿನಲ್ಲಿ ತಿಂಗಳಿಗೆ ಬಾಡಿಗೆ 18,000, ಊಟ 15,000, ಈಜುಕೊಳ ಮತ್ತು ಜಿಮ್ 6,000, ಫಿಸಿಯೊ 8,000, ಶೂ-ಟೈರ್-ಚೈನ್ 8,000, ಕೋಚ್ 10,000. ಒಟ್ಟು 65,000, ವರ್ಷಕ್ಕೆ 7,80,000. ಐದು ವಿದೇಶಿ ರೇಸಿಗೆ 9 ಲಕ್ಷ. ಎರಡೂ ಸೇರಿ 16,80,000. ತರಬೇತಿಯಿಂದ ಒಂಬತ್ತು ತಿಂಗಳಿಗೆ ಬಂದದ್ದು 10,80,000. ಕೊರತೆ 6 ಲಕ್ಷ. ಒಂದು ಸಾಧಾರಣ 70.3 ಗೆದ್ದರೆ ಸಿಗುವ 7,500 ಡಾಲರ್ ಅಂದರೆ 6,37,500. ಪ್ರತಿ ವರ್ಷ ತಪ್ಪದೆ ಒಂದು ರೇಸ್ ಗೆದ್ದರೆ ಖಾತೆ ಸರಿಹೋಗುತ್ತದೆ, ಇಲ್ಲವೇ ತಿಂಗಳಿಗೆ 50,000 ನಗದು ಕೊಡುವ ಪ್ರಾಯೋಜಕರು ಬೇಕು. ಆ ಒಂದು ಗೆಲುವು ಅಮೆರಿಕದಲ್ಲಿ ಬಂದರೆ ಕೈಗೆ ಬರುವುದು 4,46,250.