ಪ್ರಾಂಪ್ಟರ್ ಇದ್ದ ಮೇಲೆ ವಾರ್ತೆ ಓದೋದೇನು ಮಹಾ?

ಟಿವಿ ವಾರ್ತಾವಾಚಕರ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆ ಇದು. ಎದುರಿಗೆ ಅಕ್ಷರ ಓಡುತ್ತಿರುತ್ತದೆ, ನೋಡಿಕೊಂಡು ಓದಿದರಾಯಿತಲ್ಲ ಅಂತ.

ಅಕ್ಷರ ಓಡುವುದು ನಿಜ. ಪ್ರಾಂಪ್ಟರ್ ಅಂದರೆ ಕ್ಯಾಮೆರಾ ಲೆನ್ಸಿನ ಮುಂದೆ 45 ಡಿಗ್ರಿ ವಾಲಿಸಿದ ಗಾಜು, ಅದರ ಕೆಳಗೆ ಮೇಲ್ಮುಖವಾಗಿ ಮಲಗಿಸಿದ ಮಾನಿಟರ್. ಮಾನಿಟರಿನಲ್ಲಿ ತಿರುವುಮುರುವಾಗಿರುವ ಅಕ್ಷರ ಗಾಜಿನಲ್ಲಿ ನೆಟ್ಟಗೆ ಕಾಣುತ್ತದೆ. ಓದುವವರ ವೇಗಕ್ಕೆ ತಕ್ಕಂತೆ ಪ್ರಾಂಪ್ಟರ್ ಓಡಬೇಕು, ಅದರ ವೇಗಕ್ಕೆ ಇವರು ಓಡಬಾರದು. ಹೊಸಬರು ಎಡವುವುದೇ ಇಲ್ಲಿ. ಸಾಲು ಸರಿದುಹೋದೀತೆಂದು ಹೆದರಿ ಬೇಗ ಓದುತ್ತಾರೆ, ಅಕ್ಷರ ಓಡಿಸುವ ಆಪರೇಟರ್ ಅದಕ್ಕೆ ತಕ್ಕಂತೆ ಇನ್ನೂ ಬೇಗ ಓಡಿಸುತ್ತಾರೆ, ಕೊನೆಗೆ ಉಸಿರು ಕಟ್ಟುತ್ತದೆ. ಕ್ಯಾಮೆರಾ ತೀರಾ ಹತ್ತಿರವಿದ್ದು ಸಾಲು ಅಗಲವಾಗಿದ್ದರೆ ಕಣ್ಣುಗುಡ್ಡೆ ಅತ್ತಿತ್ತ ಓಡಾಡುವುದು ನೋಡುಗರಿಗೆ ಗೊತ್ತಾಗಿಬಿಡುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದೂ ಒಂದು ತೊಡಕು. ‘ರೈತರ ಸಾಲ ಮನ್ನಾ ಮಾಡಲಾಗುವುದು’ ಎಂದು ಖಚಿತ ಧಾಟಿಯಲ್ಲಿ ಓದಿದ ಮೇಲೆ ‘ಎಂಬ ವರದಿಯನ್ನು ಸಚಿವರು ತಳ್ಳಿಹಾಕಿದ್ದಾರೆ’ ಎಂದು ಮುಂದಿನ ಸಾಲು ಬಂದರೆ ಕೆಲಸ ಕೆಟ್ಟಿತು. ಪಳಗಿದವರು ಪ್ರತಿಯನ್ನು ಮೊದಲೇ ಬಾಯಿಬಿಟ್ಟು ಓದಿ, ಉಸಿರು ತೆಗೆದುಕೊಳ್ಳುವಲ್ಲಿ ಓರೆಗೆರೆ ಹಾಕಿಟ್ಟುಕೊಳ್ಳುತ್ತಾರೆ. 3,47,00,000 ಎಂದಿರುವುದನ್ನು ‘ಮೂರು ಕೋಟಿ ನಲವತ್ತೇಳು ಲಕ್ಷ’ ಎಂದು ಬರೆಸಿಕೊಳ್ಳುತ್ತಾರೆ. ಸೊನ್ನೆ ಎಣಿಸುತ್ತ ಕೂರಲು ಪುರುಸೊತ್ತೆಲ್ಲಿ? ಪ್ರಾಂಪ್ಟರ್ ಕೈಕೊಟ್ಟರೆ ಮೇಜಿನ ಮೇಲಿನ ಆ ಕಾಗದವೇ ಗತಿ.

ಅಮೆರಿಕದ ಸಿಬಿಎಸ್ ಟಿವಿ ಜಾಲದ ವಾಲ್ಟರ್ ಕ್ರಾಂಕೈಟ್ ಅವರನ್ನು ನೋಡಿ. ಎರಡನೇ ಮಹಾಯುದ್ಧದಲ್ಲಿ ಯುನೈಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಗಾರರಾಗಿದ್ದವರು, 1962ರಿಂದ 1981ರವರೆಗೆ ಸಂಜೆಯ ವಾರ್ತೆ ನಡೆಸಿಕೊಟ್ಟರು. ವಾಚಕರಷ್ಟೇ ಅಲ್ಲ, ಆ ಬುಲೆಟಿನ್‌ನ ಮ್ಯಾನೇಜಿಂಗ್ ಎಡಿಟರ್ ಕೂಡ. ನಿಮಿಷಕ್ಕೆ ಸುಮಾರು 124 ಪದಗಳ ವೇಗಕ್ಕೆ ನಾಲಿಗೆ ಪಳಗಿಸಿಕೊಂಡಿದ್ದರು (ನಮ್ಮ ಕೆಲವು ಚಾನೆಲ್‌ಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬಹುದು).

1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮೇಲೆ ಗುಂಡು ಹಾರಿದ ಸುದ್ದಿ ಬಂದಾಗ ಕ್ಯಾಮೆರಾ ಸಿದ್ಧವಿರಲಿಲ್ಲ. ಆಗಿನ ಕ್ಯಾಮೆರಾ ಟ್ಯೂಬ್ ಬಿಸಿಯಾಗದೆ ಚಿತ್ರ ಕೊಡುತ್ತಿರಲಿಲ್ಲ. ಮೊದಲ ಪ್ರಕಟಣೆಗೆ ಬರೀ ಕ್ರಾಂಕೈಟ್ ಧ್ವನಿ. ಆಮೇಲೆ ಸಾವಿನ ಸುದ್ದಿಯ ಹಾಳೆ ಕೈಗೆ ಬಂತು. ಸಾವು ಸಂಭವಿಸಿದ್ದು ಡಲ್ಲಾಸ್ ಸಮಯ ಮಧ್ಯಾಹ್ನ ಒಂದು ಗಂಟೆಗೆ ಎಂದು ಓದಿ, ಕನ್ನಡಕ ತೆಗೆದು ಗಡಿಯಾರ ನೋಡಿ, ಪೂರ್ವ ಅಮೆರಿಕದಲ್ಲಿ ಎರಡು ಗಂಟೆ ಎಂದು ಸೇರಿಸಿ, ‘ಸುಮಾರು 38 ನಿಮಿಷಗಳ ಹಿಂದೆ’ ಎಂದರು. ಆ 38 ಅವರೇ ಕೂತಲ್ಲೇ ಹಾಕಿದ ಲೆಕ್ಕ. ಗಂಟಲು ಕಟ್ಟಿತು, ಸರಿಪಡಿಸಿಕೊಂಡು ಉಪಾಧ್ಯಕ್ಷ ಜಾನ್ಸನ್ ಆಸ್ಪತ್ರೆಯಿಂದ ಹೊರಟಿದ್ದಾರೆ ಎಂಬ ಮುಂದಿನ ಸುದ್ದಿಗೆ ಹೋದರು.